ಬೆಕ್ಕು, ಡಬ್ಬಾ ಟಿವಿ ಮತ್ತು ಮಾವನ ವಿಡಿಯೋ ಗೇಮ್

"ನಂಗೆ ಕೇಳ್ಸಲ್ಲ ಕಣ್ಲಾ, ನೀನು ಕೇಳು. ಕುಯ್ ಅಂತೈತಾ?"

ಹೊಳೆನರಸೀಪುರದ ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ಹಳೇ ಟಿವಿ ಬಿಚ್ಚಿಕೊಂಡು ಕೂತಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದು ಇದೊಂದು ಕೆಲಸಕ್ಕೆ. ಅವರು ಸ್ವಿಚ್ ಹಾಕ್ತಾರೆ. ಪರದೆ ಇನ್ನೂ ಕಪ್ಪಗೆ ಇರುತ್ತೆ. ನಾನು ಕಿವಿ ಕೊಡಬೇಕು. ಸೂಜಿಯಷ್ಟು ಸಣ್ಣಗೆ ಒಂದು ಶಿಳ್ಳೆ ಕೇಳಿದ್ರೆ ಟಿವಿಯ ಅರ್ಧ ಜೀವ ಇದೆ ಅಂತ. ಕೇಳದಿದ್ರೆ ಬೇರೆ ಕಥೆ. ನಾನು ಹಾಸನದಲ್ಲಿ ಹಾಸ್ಟೆಲ್‌ನಲ್ಲಿ ಇರೋ ದಿನ ಈ ಕೆಲಸ ಮಾಡೋದು ಕರಿಯ. ಕರಿಯ ಮಾವನ ನಾಯಿ. ಅಂಗಡಿ ಬಾಗಿಲಲ್ಲಿ ಮಲಗಿದ್ದ ಕರಿಯ ಕಿವಿ ನಿಮಿರಿಸಿ, ಎದ್ದು, ರಸ್ತೆ ಆ ಕಡೆ ಹೋಗಿ ಮಲಗಿಕೊಂಡ ಅಂದ್ರೆ ಟಿವಿ ಸರಿಯಾಗಿದೆ.

ನಾನು ಮೊದಲು ಇದು ಮಾವನ ತಮಾಷೆ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಡಬ್ಬಾ ಟಿವಿಯಲ್ಲಿ ಚಿತ್ರ ಒಂದೇ ಸಲಕ್ಕೆ ಬರಲ್ಲ. ಎಲೆಕ್ಟ್ರಾನ್ ಕಿರಣ ಒಂದೊಂದೇ ಗೆರೆ ಎಳೆದುಕೊಂಡು ಹೋಗುತ್ತೆ, ಮನೆ ಮುಂದೆ ಸಾರಿಸಿದ ಹಾಗೆ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಪೂರ್ತಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಎರಡನ್ನೂ ಗುಣಿಸಿ: 15,625. ಅಂದ್ರೆ ಕಿರಣವನ್ನು ಎಡಕ್ಕೂ ಬಲಕ್ಕೂ ಎಳೆಯೋ ಕಾಯಿಲ್ ಮತ್ತು ಅದರ ಜೊತೆಗಿರೋ ಎಲ್‌ಓಟಿ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 15,625 ಸಲ ಸಣ್ಣಗೆ ಅದುರುತ್ತವೆ. ಆ ಅದುರುವಿಕೆಯೇ ಶಿಳ್ಳೆ. ಮನುಷ್ಯರ ಕಿವಿ ಚಿಕ್ಕ ವಯಸ್ಸಿನಲ್ಲಿ ಸುಮಾರು 20,000 ಹರ್ಟ್ಜ್‌ವರೆಗೂ ಕೇಳಿಸಿಕೊಳ್ಳುತ್ತೆ. ವಯಸ್ಸಾದ ಹಾಗೆ ಮೇಲಿನ ಶಬ್ದಗಳು ಮೊದಲು ಹೋಗ್ತವೆ. ಮಾವನಿಗೆ ನಲವತ್ತು ದಾಟಿ ಕೆಲವು ವರ್ಷ ಆಯ್ತು, 15 ಕಿಲೋಹರ್ಟ್ಜ್ ಅವರ ಪಾಲಿಗೆ ಇಲ್ಲ. ನಾಯಿಗೆ ಸುಮಾರು 45,000ದವರೆಗೂ ಕೇಳುತ್ತೆ, ಬೆಕ್ಕಿಗೆ 60,000 ದಾಟಿ. ಕರಿಯನಿಗೆ ಆ ಶಿಳ್ಳೆ ಕಿರಿಕಿರಿ.

ಬೆಕ್ಕಿನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಟಿವಿ ಯಾಕೆ ಅಂತ ಹೇಳಬೇಕು.

ಅರಕಲಗೂಡು ಕಡೆ ಅಜ್ಜಿ ಮನೆ. ಹೋದ ವರ್ಷ ದಸರಾ ರಜೆಯಲ್ಲಿ ಅಟ್ಟ ಕ್ಲೀನ್ ಮಾಡೋಕೆ ಅಜ್ಜಿ ನನ್ನನ್ನು ಹತ್ತಿಸಿದ್ರು. ಆಲೂಗಡ್ಡೆ ಚೀಲ, ಒಡೆದ ಪೆಟ್ರೋಮ್ಯಾಕ್ಸ್, ತೊಟ್ಟಿಲು, ಅದರ ಹಿಂದೆ ಒಂದು ರಟ್ಟಿನ ಡಬ್ಬ. ಒಳಗೆ ಬಿಳಿ ಹೋಗಿ ಹಳದಿಯಾಗಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ರಿಮೋಟು, ಒಂದು ಕಪ್ಪು ಬಂದೂಕು, ಮೂರು ಕ್ಯಾಸೆಟ್. ನಮ್ಮ ಅಪ್ಪ ಅಮ್ಮನ ಕಾಲದವರು ಇದನ್ನ ಟಿವಿ ಗೇಮ್ ಅಂತಾರೆ. ಮೀಡಿಯಾ, ಲಿಟಲ್ ಮಾಸ್ಟರ್ ಅಂತೆಲ್ಲ ಹೆಸರಲ್ಲಿ ಬರ್ತಿದ್ವಲ್ಲ, ಅದೇ ಜಾತಿ. ತೊಂಬತ್ತರ ದಶಕದಲ್ಲಿ ಒಂದು ಸಲ ಆಲೂಗಡ್ಡೆಗೆ ಒಳ್ಳೆ ರೇಟ್ ಸಿಕ್ಕಿದ ವರ್ಷ ತಾತ ಹಾಸನದಿಂದ ತಂದಿದ್ದಂತೆ. ಊರಲ್ಲಿ ಮೊದಲನೇದು. ಸಾಯಂಕಾಲ ಆದ್ರೆ ಜಗುಲಿ ತುಂಬಾ ಚಪ್ಪಲಿ ಇರ್ತಿತ್ತಂತೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ನಾಳೆ ಬೆಳಗ್ಗೆ ಮೊದಲ್ನೇ ಬಸ್ಸಿಗೆ ತಗಂಡ್ ಬಾ. ಆನ್ ಮಾಡ್ಬೇಡ" ಅಂದ್ರು.

ಇದು ಏನು ಅಂತ ಸ್ವಲ್ಪ ಹೇಳ್ತೀನಿ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಫ್ಯಾಮಿಕಾಂ ಅನ್ನೋ ಗೇಮ್ ಯಂತ್ರ ತಂತು. ಅದರ ಒಳಗಿನ ಪ್ರೊಸೆಸರ್ 1975ರ 6502 ಅನ್ನೋ ಹಳೇ ಐಸಿಯ ತಮ್ಮ. ಆಪಲ್ 2 ಕಂಪ್ಯೂಟರಿನಲ್ಲಿ ಇದ್ದದ್ದೂ 6502. ತೈವಾನಿನ ಕಂಪನಿಗಳು ಈ ಐಸಿಗಳನ್ನು ನೋಡಿಕೊಂಡು ತಮ್ಮದೇ ಐಸಿ ಮಾಡಿದವು. ಅದನ್ನಿಟ್ಟುಕೊಂಡು ಯಾರ್ಯಾರೋ ಪೆಟ್ಟಿಗೆ ಕಟ್ಟಿ ಭಾರತ, ರಷ್ಯಾ, ಬ್ರೆಜಿಲ್ ಎಲ್ಲಾ ಕಡೆ ಮಾರಿದರು. ಲೈಸೆನ್ಸ್ ಗಿಯ್ಸೆನ್ಸ್ ಏನೂ ಇಲ್ಲ. ನಕಲು ಅಂದ್ರೆ ನಕಲೇ, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅರಕಲಗೂಡಿನ ಹಳ್ಳಿಗೆ ಅಸಲು ಯಾವತ್ತೂ ಬರ್ತಿರಲಿಲ್ಲ ಅನ್ನೋದೂ ನಿಜ.

ಇಲ್ಲೊಂದು ಸಣ್ಣ ಹಾಸನದ ಅಭಿಮಾನ. ಅದೇ 1983ರ ಆಗಸ್ಟ್ 30ಕ್ಕೆ ಇನ್ಸಾಟ್-1ಬಿ ಉಪಗ್ರಹ ಮೇಲೆ ಹೋಯ್ತು. ದೂರದರ್ಶನ ಸಣ್ಣ ಊರುಗಳಿಗೆ ತಲುಪಿದ್ದೇ ಅದರಿಂದ. ಅದನ್ನ ನೋಡಿಕೊಂಡಿದ್ದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್. ಮನೆಮನೆಗೆ ಟಿವಿ ಬಂದಿದ್ದಕ್ಕೇ ತಾನೆ ಟಿವಿ ಗೇಮ್‌ಗೆ ಜಾಗ ಸಿಕ್ಕಿದ್ದು.

ಸರಿ, ಮಾವ ಪೆಟ್ಟಿಗೆ ಬಿಚ್ಚಿದ್ರು. ಒಳಗೆ ಎರಡು ದೊಡ್ಡ ಐಸಿ, ಮೇಲೆ ಯುಎಂಸಿ ಅಂತ ಅಚ್ಚು. ಒಂದು ಲೆಕ್ಕ ಮಾಡೋದಕ್ಕೆ, ಇನ್ನೊಂದು ಚಿತ್ರ ಬಿಡಿಸೋದಕ್ಕೆ. "ಇದು ಒಳ್ಳೇ ಕಾಲದ್ದು. ಆಮೇಲೆ ಬಂದ್ವಲ್ಲ, ಕರೀ ಉಂಡೆ ಹಾಕಿರೋವು, ಅವು ಹೋದ್ರೆ ಹೋದ್ವು" ಅಂದ್ರು. ಮುಂದೆ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಎಲ್ಲವನ್ನೂ ಒಂದೇ ಚಿಪ್ಪಿಗೆ ಸೇರಿಸಿ, ಮೇಲೆ ಎಪಾಕ್ಸಿ ಸುರಿದುಬಿಡ್ತಿದ್ರು. ಅದನ್ನ ರಿಪೇರಿ ಮಾಡೋಕೆ ದಾರಿ ಇಲ್ಲ.

ಕ್ಯಾಸೆಟ್‌ಗಳ ಪಿನ್ನು ಕಪ್ಪಾಗಿದ್ವು. ನಾನು ಎಲ್ಲರ ಹಾಗೆ ಬಾಯಲ್ಲಿ ಊದೋಕೆ ಹೋದೆ. ಮಾವ ಕೈ ಮೇಲೆ ಹೊಡೆದ್ರು. ಊದಿದ್ರೆ ಧೂಳಿಗಿಂತ ಜಾಸ್ತಿ ಎಂಜಲು ಹೋಗುತ್ತೆ, ತಾಮ್ರಕ್ಕೆ ತೇವ ತಾಗಿ ಕಿಲುಬು ಹಿಡಿಯುತ್ತೆ. ಊದಿದ ಮೇಲೆ ಗೇಮ್ ಓಡ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನು ಉಜ್ಜಿಕೊಂಡು ಸರಿಯಾಗಿ ಕೂರ್ತಿದ್ದಕ್ಕೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದ್ವಿ. ಜಿಡ್ಡು ಜಾಸ್ತಿ ಇದ್ದ ಕಡೆ ಪೆನ್ಸಿಲ್ ರಬ್ಬರು.

ಗೇಮ್ ಓಡ್ತು. ಮಾರಿಯೋ ಬಂದ. ಮಾವ ಏನೂ ಮಾತಾಡದೆ ಮೊದಲನೇ ಲೆವೆಲ್ ಪೂರ್ತಿ ಆಡಿದ್ರು, ಒಂದೇ ಒಂದು ನಾಣ್ಯ ಬಿಡದೆ. ಮೂವತ್ತು ವರ್ಷ ಆದ್ರೂ ಬೆರಳಿಗೆ ನೆನಪಿತ್ತು.

ಮಾರನೇ ದಿನ ಅದನ್ನ ನಾನು ಸುಟ್ಟೆ.

ಮಾವ ಡಿಷ್ ಸರಿ ಮಾಡೋಕೆ ಹೊರಗೆ ಹೋಗಿದ್ರು. ಗೇಮಿನ ಹಳೇ ಅಡಾಪ್ಟರ್ ಎಲ್ಲೋ ಇಟ್ಟಿದ್ರು, ಸಿಗಲಿಲ್ಲ. ವೈಫೈ ರೂಟರಿನದು ಪಕ್ಕದಲ್ಲೇ ಇತ್ತು, ಪಿನ್ನು ಸರಿಯಾಗಿ ಕೂತ್ಕೊಂತು. ಸೆಕೆಂಡ್ ಇಯರ್ ಎಲೆಕ್ಟ್ರಾನಿಕ್ಸ್ ಓದ್ತಿರೋ ನಾನು ಸ್ವಿಚ್ ಹಾಕಿದೆ. ಟಪ್ ಅಂತ ಸದ್ದು, ಮೀನು ಸುಟ್ಟಂಥ ವಾಸನೆ, ಬೆಕ್ಕು ಒಂದೇ ಜಿಗಿತಕ್ಕೆ ಕಿಟಕಿ ಆಚೆ.

ಆಗಿದ್ದೇನು ಅಂದ್ರೆ, ಇವತ್ತಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್. ಫ್ಯಾಮಿಕಾಂನಲ್ಲಿ ಉಲ್ಟಾ, ಒಳಗೆ ಮೈನಸ್. ನಕಲು ಮಾಡಿದವರು ಅದನ್ನೂ ನಕಲು ಮಾಡಿದ್ರು. ಅಡಾಪ್ಟರ್ ಮೇಲೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಉಂಗುರ, ಎರಡು ಕಡೆ ಪ್ಲಸ್ ಮೈನಸ್ ಗುರುತು ಇರುತ್ತಲ್ಲ, ಅದನ್ನ ನಾನು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಓದಿರಲಿಲ್ಲ. 12 ವೋಲ್ಟ್ ಉಲ್ಟಾ ಹೋಯ್ತು. ಮೊದಲು ಸಿಕ್ಕಿದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರೊಳಗಿನ ತೆಳು ಆಕ್ಸೈಡ್ ಪದರ ಒಂದೇ ದಿಕ್ಕಿನ ವೋಲ್ಟೇಜ್ ತಡೆಯುತ್ತೆ, ಉಲ್ಟಾ ಕೊಟ್ರೆ ಕರೆಂಟ್ ಸೀದಾ ಹರಿದು ಒಳಗಿನ ದ್ರವ ಕುದಿದು ತಲೆ ಬಿಡುತ್ತೆ. ಟಪ್ ಅಂದಿದ್ದು ಅದು. ಮುಂದಿನದು 7805, ಬಂದ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸೋ ಮೂರು ಕಾಲಿನ ಐಸಿ. ಅದೂ ಹೋಯ್ತು.

ಮಾವ ಬರೋವರೆಗೂ ಅಂಗಡಿ ಮೂಲೆಯಲ್ಲಿ ಕೂತಿದ್ದೆ. ಬೈಗುಳಕ್ಕೆ ರೆಡಿಯಾಗಿದ್ದೆ. ಅವರು ಬಂದು ಮೂಗು ಅರಳಿಸಿ, "ವಾಸ್ನೆ ಎಲ್ಲಿಂದ ಬಂತು ಅಂತ ನೋಡ್ದ್ಯಾ?" ಅಂದ್ರು. ಇಲ್ಲ ಅಂದೆ. "ಅದ್ನ ನೋಡ್ಬೇಕು ಕಣ್ಲಾ. ಎಲ್ಲಾ ಸುಟ್ಟಿರಲ್ಲ. ಯಾವ್ದು ಸತ್ತೈತೆ, ಯಾವ್ದು ಉಳ್ದೈತೆ, ಅದ್ಕೇ ತಾನೆ ಮೀಟರು ಇರೋದು." ಆಮೇಲೆ ಮಲ್ಟಿಮೀಟರ್ ನನ್ನ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋದ್ರು. ಬೈದಿದ್ರೆ ವಾಸಿ ಇತ್ತು.

7805ರ ಮೂರೂ ಕಾಲು ಒಂದಕ್ಕೊಂದು ಶಾರ್ಟ್ ತೋರಿಸ್ತು. ಅದನ್ನ ಬಿಚ್ಚಿ ತೆಗೆದ ಮೇಲೆ 5 ವೋಲ್ಟಿನ ಗೆರೆಗೂ ಗ್ರೌಂಡಿಗೂ ನಡುವೆ ಶಾರ್ಟ್ ಇರಲಿಲ್ಲ. ಅಂದ್ರೆ 7805 ತಾನು ಸತ್ತು ಹಿಂದಿನ ಎರಡು ಐಸಿಗೆ ಏಟು ತಾಗದ ಹಾಗೆ ಮಾಡಿತ್ತು. ಹಾಸನದಲ್ಲಿ ಹೊಸ 7805, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು 1ಎನ್4007 ಡಯೋಡ್ ತಗೊಂಡೆ. ಒಂದು ಪ್ಲೇಟ್ ಗೋಬಿ ಮಂಚೂರಿ ದುಡ್ಡಿಗೆ ಎಲ್ಲಾ ಬಂತು. ಡಯೋಡ್ ಮೊದಲು ಇರಲಿಲ್ಲ, ನಾನು ಸೇರಿಸಿದ್ದು. ಅಡಾಪ್ಟರ್‌ನಿಂದ ಬರೋ ದಾರಿಯಲ್ಲಿ ಕೂರಿಸಿದ್ರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತೆ. ಸುಮಾರು 0.7 ವೋಲ್ಟ್ ತಿಂದುಹಾಕುತ್ತೆ, ಆದ್ರೆ 9ರಲ್ಲಿ ಅಷ್ಟು ಹೋದ್ರೂ 7805ಗೆ ಬೇಕಾದ 7 ವೋಲ್ಟ್ ಧಾರಾಳವಾಗಿ ಉಳಿಯುತ್ತೆ. ಮುಂದೆ ನನ್ನಂಥ ಇನ್ನೊಬ್ಬ ಬಂದ್ರೂ ಸುಡಲ್ಲ. ಮೊದಲ ಸೆಮ್‌ನಲ್ಲಿ ಡಯೋಡ್ ಕರ್ವ್ ಎಳೆದು ಮಾರ್ಕ್ಸ್ ತಗೊಂಡಿದ್ದೆ, ಅದು ಯಾತಕ್ಕೆ ಅಂತ ಗೊತ್ತಾಗಿದ್ದು ಹೊಳೆನರಸೀಪುರದಲ್ಲಿ.

ರಿಪೇರಿ ಆಗೋವರೆಗೆ ಎರಡು ವಾರ ಹೋಯ್ತು. ಆ ಮಧ್ಯೆ ಚನ್ನರಾಯಪಟ್ಟಣಕ್ಕೆ, ನಮ್ಮ ಮನೆಗೆ ಹೋದಾಗ ತಪ್ಪಿತಸ್ಥ ಭಾವ ತಡೀಲಾರದೆ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಹಾಕಿ ಅಮ್ಮನಿಗೆ ಮಾರಿಯೋ ಕೊಟ್ಟೆ. ಅಮ್ಮ ಒಂದು ನಿಮಿಷ ಆಡಿ ಹಳ್ಳಕ್ಕೆ ಬಿದ್ರು. ಮತ್ತೆ ಬಿದ್ರು. "ಇದು ಓಡ್ತೈತೆ ಕಣೋ. ನಮ್ದು ಹಿಂಗಿರ್ಲಿಲ್ಲ" ಅಂದ್ರು. ನಾನು ನಕ್ಕೆ. ವಯಸ್ಸಾಯ್ತು ಅಮ್ಮ, ನಿಮ್ಮ ಕೈ ನಿಧಾನ ಆಗಿದೆ, ಗೇಮ್ ಅದೇ ಅಂದೆ. ಅಮ್ಮ ಏನೂ ಹೇಳದೆ ಅಡುಗೆ ಮನೆಗೆ ಹೋದ್ರು.

ತಪ್ಪು ನಂದೇ. ಜಪಾನ್, ಅಮೆರಿಕದಲ್ಲಿ ಟಿವಿ ಸೆಕೆಂಡಿಗೆ ಸುಮಾರು 60 ಸಲ ಪರದೆ ತುಂಬಿಸುತ್ತೆ. ನಮ್ಮ ಪಾಲ್‌ನಲ್ಲಿ 50 ಸಲ. ಆಗಿನ ಗೇಮ್‌ಗಳಿಗೆ ಬೇರೆ ಗಡಿಯಾರ ಇಲ್ಲ. ಪರದೆ ಒಂದು ಸಲ ಮುಗಿದಾಗ ಪ್ರೊಸೆಸರ್‌ಗೆ ಒಂದು ಇಂಟರಪ್ಟ್ ಬರುತ್ತೆ, ಆಗ ಮಾರಿಯೋ ಒಂದು ಹೆಜ್ಜೆ ಇಡ್ತಾನೆ. 60ಕ್ಕೆ ಬರೆದ ಗೇಮನ್ನು 50ರಲ್ಲಿ ಓಡಿಸಿದ್ರೆ ಎಲ್ಲವೂ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತೆ. ಜಪಾನಿನಲ್ಲಿ 60 ಸೆಕೆಂಡಿನ ದಾರಿ ಅರಕಲಗೂಡಿನಲ್ಲಿ 72 ಸೆಕೆಂಡ್. ಮಜಾ ಏನಂದ್ರೆ ಸಂಗೀತದ ಶ್ರುತಿ ಮಾತ್ರ ಬದಲಾಗಲ್ಲ, ಲಯ ಅಷ್ಟೇ ನಿಧಾನ. ಯಾಕಂದ್ರೆ ಸ್ವರ ಹುಟ್ಟೋದು ಪ್ರೊಸೆಸರಿನ ಗಡಿಯಾರದಿಂದ. ಅಸಲಿನಲ್ಲಿ ಅದು 1.79 ಮೆಗಾಹರ್ಟ್ಜ್, ಪಾಲ್‌ಗೆ ಮಾಡಿದ ತೈವಾನ್ ಐಸಿಯಲ್ಲಿ 1.77, ಹೆಚ್ಚುಕಮ್ಮಿ ಒಂದೇ. ಯಾವ ಸ್ವರ ಎಷ್ಟು ಹೊತ್ತು ಅನ್ನೋದನ್ನ ನಿರ್ಧರಿಸೋದು ಪರದೆಯ 50.

ರಷ್ಯಾದಲ್ಲಿ ಇದೇ ಥರದ ಯಂತ್ರ 1992ರಿಂದ ಡೆಂಡಿ ಅನ್ನೋ ಹೆಸರಲ್ಲಿ ಎಷ್ಟು ಮಾರಾಟ ಆಯ್ತು ಅಂದ್ರೆ, ಇವತ್ತು ಎಮ್ಯುಲೇಟರುಗಳಲ್ಲಿ ಡೆಂಡಿ ಅಂತಲೇ ಒಂದು ಆಯ್ಕೆ ಇದೆ. ಅದನ್ನ ಒತ್ತಿ ಮತ್ತೆ ಅಮ್ಮನಿಗೆ ಕೊಟ್ಟೆ, ಏನು ಬದಲಾಯಿಸಿದೆ ಅಂತ ಹೇಳದೆ. ಅಮ್ಮ ಎರಡು ಹೆಜ್ಜೆ ನಡೆಸಿ "ಹಾಂ, ಈಗ ಸರಿ" ಅಂದ್ರು. ಆ ಹಳ್ಳ ದಾಟಿದ್ರು. ಮೂವತ್ತು ವರ್ಷದ ಹಿಂದಿನ ಆರರಲ್ಲಿ ಒಂದು ಪಾಲಿನ ವ್ಯತ್ಯಾಸ ಅಮ್ಮನ ಹೆಬ್ಬೆರಳಿಗೆ ಗೊತ್ತಿತ್ತು. ನಾನು ಕ್ಷಮೆ ಕೇಳಿದೆ. ಮನೇಲಿ ಹೈಯೆಸ್ಟ್ ಸ್ಕೋರ್ ಮಾವನದಲ್ಲ, ಅಮ್ಮಂದು ಅಂತ ನನಗೆ ಗೊತ್ತಾಗಿದ್ದೂ ಅವತ್ತೇ.

ಒಳಗೆ ಇದ್ದದ್ದು ಎಷ್ಟು ಅಂತ ನೆನೆಸಿಕೊಂಡ್ರೆ ಆಶ್ಚರ್ಯ. ಕೆಲಸ ಮಾಡೋಕೆ 2 ಕೆಬಿ ರ್‍ಯಾಮ್, ಚಿತ್ರಕ್ಕೆ ಇನ್ನೊಂದು 2 ಕೆಬಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮು, 32 ಲೆವೆಲ್ಲು, ಹಾಡು, ಚಿತ್ರ ಎಲ್ಲಾ ಸೇರಿ 40 ಕೆಬಿ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಆ ಲೆಕ್ಕದಲ್ಲಿ ನೀವು ಓದ್ತಿರೋ ಈ ಲೇಖನವೂ ಹೆಚ್ಚುಕಮ್ಮಿ ಅಷ್ಟೇ ಜಾಗ ತಿನ್ನುತ್ತೆ. ಅದಕ್ಕೇ ಮಾರಿಯೋದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಮುಂದಿನ ಸಲ ನೋಡಿ. ಕಾಂಟ್ರಾದಲ್ಲಿ ಗುಂಡುಗಳು ಜಾಸ್ತಿ ಆದಾಗ ಮಿಣಮಿಣ ಅನ್ನೋದು ಟಿವಿ ಕೆಟ್ಟಿದ್ದಕ್ಕಲ್ಲ. ಚಿತ್ರದ ಐಸಿ ಒಂದು ಗೆರೆಯಲ್ಲಿ 8ಕ್ಕಿಂತ ಹೆಚ್ಚು ಓಡಾಡೋ ತುಂಡುಗಳನ್ನು ತೋರಿಸಲಾರದು, ಹಾಗಾಗಿ ಪ್ರೋಗ್ರಾಂ ಬರೆದವರು ಸರದಿ ಹಾಕಿ ತೋರಿಸ್ತಾರೆ. ಇನ್ನು ಕ್ಯಾಸೆಟ್ ಮೇಲೆ ಬರೆದಿರ್ತಿದ್ದ 9999999 ಗೇಮ್? ಅದು ಬರೀ ಓಳು. ನಮ್ಮದರಲ್ಲಿ ಎಣಿಸಿದ್ರೆ ನಿಜವಾಗಿ ಇದ್ದದ್ದು ಐದು. ಅವನ್ನೇ ಬೇರೆ ಬೇರೆ ಲೆವೆಲ್‌ನಿಂದ ಶುರು ಮಾಡಿ ಪಟ್ಟಿ ಬೆಳೆಸಿದ್ರು.

ಈಗ ಟಿವಿ ವಿಷಯ. ರಿಪೇರಿ ಆದ ಪೆಟ್ಟಿಗೆಯನ್ನು ಮಾವನ ಮನೆಯ ಎಲ್‌ಇಡಿ ಟಿವಿಗೆ ಹಾಕಿದ್ವಿ. ಮಾರಿಯೋ ಬಂದ, ಬಂದೂಕು ಕೆಲಸ ಮಾಡಲಿಲ್ಲ. ಬಾತುಕೋಳಿ ಎದುರಿಗೇ ಹಿಡಿದು ಹೊಡೆದ್ರೂ ನಾಯಿ ನಗುತ್ತೆ. ಬಂದೂಕು ಕೆಟ್ಟಿದೆ ಅಂತ ನಾನು ಬಿಚ್ಚಿದ್ದೂ ಆಯ್ತು. ಕೆಟ್ಟಿರಲಿಲ್ಲ.

ಆ ಬಂದೂಕಿನಿಂದ ಏನೂ ಹೊರಗೆ ಹೋಗಲ್ಲ. ಅದು ಬರೀ ನೋಡುತ್ತೆ. ತುದಿಯಲ್ಲಿ ಒಂದು ಮಸೂರ, ಹಿಂದೆ ಒಂದು ಬೆಳಕು ಗುರುತಿಸೋ ಬಿಡಿಭಾಗ. ಕುದುರೆ ಒತ್ತಿದ ತಕ್ಷಣ ಗೇಮು ಒಂದು ಫ್ರೇಮ್ ಪೂರ್ತಿ ಕಪ್ಪು ಮಾಡುತ್ತೆ. ಮುಂದಿನ ಫ್ರೇಮಿನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬಿಡಿಸುತ್ತೆ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡ್ರೆ ಗುರಿ ಸರಿ. ಮೊದಲನೇ ಕತ್ತಲು ಯಾಕೆ ಅಂದ್ರೆ ಬಲ್ಬಿನ ಕಡೆ ಹಿಡಿದು ಮೋಸ ಮಾಡೋರಿಗೆ. ಡಬ್ಬಾ ಟಿವಿಯಲ್ಲಿ ಇದೆಲ್ಲ ಆ ಕ್ಷಣಕ್ಕೇ ಆಗುತ್ತೆ. ಎಲ್‌ಇಡಿ ಟಿವಿ ಬಂದ ಚಿತ್ರವನ್ನು ಹಿಡಿದಿಟ್ಟು, ಹಿಗ್ಗಿಸಿ, ಕೆಲವು ಫ್ರೇಮ್ ತಡವಾಗಿ ತೋರಿಸುತ್ತೆ. ಅಷ್ಟೊತ್ತಿಗೆ ಗೇಮು ಉತ್ತರ ಕಾದು ಮುಗಿಸಿರುತ್ತೆ. ಸಾಲದ್ದಕ್ಕೆ ಬಂದೂಕಿನ ಸರ್ಕ್ಯೂಟು 15 ಕಿಲೋಹರ್ಟ್ಜ್ ಸುಮಾರಿಗೆ ಮಿನುಗೋ ಬೆಳಕನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳೋ ಹಾಗೆ ಇದೆ. ಅದೇ ಕರಿಯನ ಶಿಳ್ಳೆಯ ಲೆಕ್ಕ!

ಹಾಗಾಗಿ ಡಬ್ಬಾ ಟಿವಿ ಬೇಕೇ ಬೇಕು. ಮಾವನ ಅಂಗಡಿಯಲ್ಲಿ ಒಂದು ಕಾಲದಲ್ಲಿ ಗೋಡೆ ಪೂರ್ತಿ ಅವೇ ಇದ್ವು. ಎಲ್ಲವೂ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದ್ವು. ಕೊನೆಗೆ ಚನ್ನರಾಯಪಟ್ಟಣದಲ್ಲಿ ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ 14 ಇಂಚಿನದು ಸಿಕ್ತು, ಮೇಲೆ ಹೂವಿನ ಕುಂಡ ಇಟ್ಟಿದ್ರು. ಅದನ್ನ ತೊಡೆ ಮೇಲೆ ಇಟ್ಕೊಂಡು ಕೆಂಪು ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ತಂದೆ. ಕಂಡಕ್ಟರ್ ಲಗೇಜ್ ಹರಿದು, "ಇದ್ನ ಯಾವ್ ಮ್ಯೂಸಿಯಂಗೆ ತಗಂಡೋಗ್ತಿದ್ದೀಯಪ್ಪ" ಅಂದ್ರು.

ಒಂದು ಮಾತು ಗಂಭೀರವಾಗಿ. ಡಬ್ಬಾ ಟಿವಿ ನೀವಾಗೇ ಬಿಚ್ಚಬೇಡಿ. ಚಿತ್ರ ಕೊಳವೆಗೆ 20,000 ವೋಲ್ಟ್ ಆಸುಪಾಸು ಬೇಕು, ಕೊಳವೆಯ ಗಾಜೇ ಕೆಪಾಸಿಟರ್ ಥರ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಪ್ಲಗ್ ಕಿತ್ತು ಎಷ್ಟೋ ಹೊತ್ತಾದ ಮೇಲೂ ಹೊಡೆಯುತ್ತೆ. ಮಾವ ಪ್ರತಿ ಸಲ ಗ್ರೌಂಡಿಗೆ ವೈರ್ ಕಟ್ಟಿದ ಸ್ಕ್ರೂಡ್ರೈವರ್‌ನಲ್ಲಿ ಚಾರ್ಜ್ ಇಳಿಸಿ, ಒಂದು ಕೈ ಬೆನ್ನ ಹಿಂದೆ ಇಟ್ಕೊಂಡೇ ಕೆಲಸ ಶುರು ಮಾಡೋದು. ನನ್ನನ್ನ ಆಗ ಕರಿಯನ ಪಕ್ಕ ಕೂರಿಸ್ತಾರೆ.

ಬೆಕ್ಕಿಗೆ ಬಂದೆ. ಅದರ ಹೆಸರು ಟಿಕ್ಕು. ಕರಿಯನಿಗಿಂತ ಜಾಸ್ತಿ ಶಿಳ್ಳೆ ಕೇಳಬೇಕಾದ್ದು ಅದಕ್ಕೆ, ಆದ್ರೂ ಟಿವಿ ಹಾಕಿದ ಐದೇ ನಿಮಿಷಕ್ಕೆ ಬಂದು ಮೇಲೆ ಮಲಗುತ್ತೆ. ಡಬ್ಬಾ ಟಿವಿ ತಿನ್ನೋ ಕರೆಂಟು ಕೊನೆಗೆ ಬಿಸಿಯಾಗಿ ಮೇಲಿನ ಕಿಂಡಿಗಳಿಂದ ಬರುತ್ತೆ, ಬೆಕ್ಕಿಗೆ ಅದಕ್ಕಿಂತ ಸ್ವರ್ಗ ಇಲ್ಲ. ಆದ್ರೆ ಕಿಂಡಿ ಮುಚ್ಚಿದ್ರೆ ಟಿವಿಗೆ ಕಷ್ಟ, ಕೂದಲು ಒಳಗೆ ಬಿದ್ರೆ ಇನ್ನೂ ಕಷ್ಟ. ಅದಕ್ಕೆ ಮಾವ ನಾಲ್ಕು ಕಾಲಿನ ಒಂದು ಹಲಗೆ ಮಾಡಿ, ನಾಲ್ಕು ಬೆರಳು ಜಾಗ ಬಿಟ್ಟು ಮೇಲೆ ಇಟ್ಟಿದ್ದಾರೆ. ಗಾಳಿ ಪಕ್ಕದಿಂದ ಹೋಗುತ್ತೆ, ಬೆಕ್ಕು ಬೆಚ್ಚಗಿರುತ್ತೆ.

ಟಿಕ್ಕುಗೆ ನನ್ನದೂ ಒಂದು ಪ್ರಾಜೆಕ್ಟ್ ಇದೆ. ಗೇಮಿನ ಎರಡನೇ ರಿಮೋಟನ್ನು ಆರ್ಡುಯಿನೋಗೆ ಜೋಡಿಸಿದೆ. ಎಂಟು ಬಟನ್, ಆದ್ರೆ ಡೇಟಾ ವೈರ್ ಒಂದೇ. ಒಳಗಿರೋದು ನಾವು ಡಿಜಿಟಲ್ ಲ್ಯಾಬಿನಲ್ಲಿ ಮಾಡಿದ ಶಿಫ್ಟ್ ರಿಜಿಸ್ಟರೇ, ಅಸಲಿನಲ್ಲಿ 4021 ಅನ್ನೋ ಐಸಿ. ಲ್ಯಾಚ್ ಕೊಟ್ರೆ ಎಂಟೂ ಬಟನ್‌ಗಳ ಸ್ಥಿತಿ ಒಂದೇ ಸಲ ಹಿಡಿದಿಟ್ಟುಕೊಳ್ಳುತ್ತೆ, ಆಮೇಲೆ ಕ್ಲಾಕ್ ಕೊಟ್ಟ ಹಾಗೆಲ್ಲ ಒಂದೊಂದಾಗಿ ಹೊರಗೆ ಕಳಿಸುತ್ತೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒತ್ತಿದ್ರೆ ಸೊನ್ನೆ, ಬಿಟ್ರೆ ಒಂದು. ಇದು ತಲೆಗೆ ಹೋಗದೆ ಎರಡು ರಾತ್ರಿ ಉಲ್ಟಾ ಓದ್ತಿದ್ದೆ. ಎ ಒತ್ತಿದ್ರೆ ಒಂದು ಸರ್ವೋ ಮೋಟರ್ ತಿರುಗಿ ಡಬ್ಬದಿಂದ ಒಣಮೀನಿನ ಚೂರು ಬೀಳುತ್ತೆ. ಪ್ರಾಜೆಕ್ಟ್ ಸಕ್ಸಸ್. ಒಂದೇ ತೊಂದರೆ, ಟಿಕ್ಕು ಬಟನ್‌ಗೆ ಕಾಯಲ್ಲ. ಸರ್ವೋ ಸುಮ್ಮನೆ ಜುಯ್ ಅಂದ್ರೂ ಹಲಗೆಯಿಂದ ಇಳಿದು ಬಂದು ಡಬ್ಬದ ಮುಂದೆ ಕೂತ್ಕೊಂಡು ನನ್ನನ್ನ ನೋಡುತ್ತೆ.

ಈ ಸಂಕ್ರಾಂತಿಗೆ ಅಮ್ಮ ಹೊಳೆನರಸೀಪುರಕ್ಕೆ ಬಂದಿದ್ರು. ಅಕ್ಕ ತಮ್ಮ ಇಬ್ರೂ ನೆಲದ ಮೇಲೆ ಕೂತು ಕಾಂಟ್ರಾ ಆಡಿದ್ರು. ಮಾವ ಮೊದಲು ಸತ್ತು ಅಮ್ಮನ ಲೈಫ್ ಕೇಳಿದ್ರು, ಅಮ್ಮ ಕೊಡಲಿಲ್ಲ. ಅರ್ಧಕ್ಕೆ ಪರದೆ ಒಂದು ಸಲ ಕುಗ್ಗಿ ಸರಿಹೋಯ್ತು. ಇಬ್ರೂ ಆಟ ನಿಲ್ಲಿಸಿ ನನ್ನ ಮುಖ ನೋಡಿದ್ರು. ಶಿಳ್ಳೆ ಇದೆ ಅಂದೆ.

ಎಲ್‌ಓಟಿಗೆ ವಯಸ್ಸಾಗಿದೆ ಅಂತಾರೆ ಮಾವ, ಹೊಸದು ಈಗ ಸಿಗೋದು ಕಷ್ಟ. ಹಾಗಾಗಿ ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯಿಂದ ಬರೋ ನೀವು ಯಾರಾದ್ರೂ, ನಿಮ್ಮ ಅಟ್ಟದಲ್ಲಿ ಡಬ್ಬಾ ಟಿವಿ ಇದ್ರೆ, ಕೆಟ್ಟಿದ್ರೂ ಪರವಾಗಿಲ್ಲ, ಗುಜರಿಗೆ ಹಾಕೋ ಮುಂಚೆ ಕನ್ನಡ ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ. ಬಸ್ಸಿನ ಲಗೇಜ್ ದುಡ್ಡು ನಂದು. 14 ಇಂಚಿಗಿಂತ ದೊಡ್ಡದಾದ್ರೆ ಇನ್ನೂ ಒಳ್ಳೇದು, ಟಿಕ್ಕು ಈಗ ಗಬ್ಬ ಆಗಿದೆ.